ಫ್ರೀಡಂ ಪಾರ್ಕ್: ಬಂದಿಗಳು ಕಂಡ ಕಾವಲು

ದಂಡಿಗನಹಳ್ಳಿ, ಚನ್ನರಾಯಪಟ್ಟಣದ ಕಡೆಯವರು ಬೆಂಗಳೂರಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದರೆ, ಫ್ರೀಡಂ ಪಾರ್ಕಿಗೆ ನಡೆದೇ ಹೋಗಬಹುದು. ಶೇಷಾದ್ರಿ ರಸ್ತೆಯ ಈ ಜಾಗದಲ್ಲಿ 1860ರ ದಶಕದಿಂದಲೂ ಸೆಂಟ್ರಲ್ ಜೈಲಿತ್ತು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಇದು ಉದ್ಯಾನವಾಯಿತು.

ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಕಾವಲು ಗೋಪುರದ ಮೇಲೆ. ಒಬ್ಬನೇ ನಿಂತು ಸುತ್ತಲಿನ ಬ್ಯಾರಕ್‌ಗಳನ್ನೆಲ್ಲ ನೋಡಲು ಬೇಕಾದ ಎತ್ತರ ಅದಕ್ಕಿದೆ. ಉಳಿಸಿಕೊಂಡಿರುವ ಬ್ಯಾರಕ್‌ನಲ್ಲಿ ಕೈದಿಗಳ ಪ್ರತಿಮೆಗಳಿವೆ. ಕಾವಲಿನವರು ಏನು ನೋಡುತ್ತಿದ್ದರೆಂಬುದು ಇಲ್ಲಿ ನಿಂತರೆ ತಿಳಿಯುತ್ತದೆ. ಕಾವಲಿನವರು ಏನು ಮಾಡುತ್ತಿದ್ದರೆಂಬುದನ್ನು ಮಾತ್ರ ಒಳಗಿದ್ದವರೇ ಹೇಳಬೇಕು.

ಅಂಥವರಲ್ಲಿ ಮುಖ್ಯರು ಸ್ನೇಹಲತಾ ರೆಡ್ಡಿ, 1970ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ನಟಿ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ ಬೆಂಗಳೂರಿನಲ್ಲಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಈ ಜೈಲು ಸೇರಿದರು. ಹೊಳೆನರಸೀಪುರದ ಆಗಿನ ಶಾಸಕ ಎಚ್.ಡಿ. ದೇವೇಗೌಡರೂ ಇಲ್ಲಿ ಬಂದಿಯಾಗಿದ್ದರು. ಸ್ನೇಹಲತಾ ಅವರನ್ನು 1976ರ ಮೇ 2ರಂದು ಸ್ಫೋಟದ ಸಂಚೆಂದು ಸರ್ಕಾರ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಹಿಡಿದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದಾಗಿದ್ದ ಮೀಸಾ ಕಾಯ್ದೆಯಡಿ ಒಳಗೇ ಇಟ್ಟರು.

ತಮಗಿದ್ದ ಆಸ್ತಮಾದ ನಡುವೆಯೂ ಅವರು ಡೈರಿ ಬರೆದರು. ಹೊಸದಾಗಿ ಬಂದ ಹೆಂಗಸನ್ನು ಎಲ್ಲರೆದುರು ಬೆತ್ತಲೆ ಮಾಡಿ ತಪಾಸಣೆ ಮಾಡುತ್ತಿದ್ದುದನ್ನು ಅದರಲ್ಲಿ ದಾಖಲಿಸಿದರು. ಶಿಕ್ಷೆಯೇ ಆಗಿರುವಾಗ ದೇಹಕ್ಕೂ ಅವಮಾನವೇಕೆ ಎಂದು ಕೇಳಿದರು. ಬಡ ಕೈದಿಗಳಿಗೆ ಬೀಳುತ್ತಿದ್ದ ಏಟಿನ ವಿರುದ್ಧ ದನಿ ಎತ್ತಿದರು. ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಅವರ ಚೀರಾಟ ತಮಗೆ ಕೇಳುತ್ತಿತ್ತೆಂದು ದಂಡವತೆ ಮುಂದೆ ನೆನಪಿಸಿಕೊಂಡಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 20ರಂದು ಅವರು ತೀರಿಕೊಂಡರು. ಡೈರಿ ಅದೇ ವರ್ಷ ಅಚ್ಚಾಯಿತು.

ಅವರು ಸೆರೆಯಲ್ಲಿದ್ದ ದಿನಗಳಲ್ಲೇ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ನಾಜಿಗಳ ಮೈದಾನೆಕ್ ಶಿಬಿರದ ಕಾವಲುಗಾರರ ವಿಚಾರಣೆ ನಡೆಯುತ್ತಿತ್ತು. ಆ ಶಿಬಿರದಲ್ಲಿ ಬದುಕುಳಿದವರು ಬಂದು, ಕೈದಿಗಳನ್ನು ಬೂಟುಗಾಲಿನಿಂದ ಒದೆಯುತ್ತಿದ್ದ ಕಾವಲುಗಾರ್ತಿ ಹರ್ಮೀನ್ ಬ್ರೌನ್‌ಸ್ಟೈನರ್ ವಿರುದ್ಧ ಸಾಕ್ಷಿ ನುಡಿದರು. 1981ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಸಾಮೂಹಿಕ ಕೊಲೆಯ ಶಿಬಿರವನ್ನೂ ಬೆಂಗಳೂರಿನ ಜೈಲನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೆ ಗೋಡೆಯೊಳಗಿನ ಹಿಂಸೆಗೆ ಎರಡೂ ಕಡೆ ಸಾಕ್ಷಿಯಾದವರು ಅದನ್ನು ಅನುಭವಿಸಿದವರೇ. ಅವರ ಮಾತು ನಂಬುವವರು ಇಲ್ಲದಿದ್ದರೆ, ಆಳುವವರ ಕಡತವೇ ಚರಿತ್ರೆಯಾಗುತ್ತದೆ.

ಫ್ರೀಡಂ ಪಾರ್ಕಿನ ಒಂದು ಭಾಗ ಈಗ ಪ್ರತಿಭಟನೆಯ ಜಾಗ. ಅಂಗನವಾಡಿ ಕಾರ್ಯಕರ್ತೆಯರು, ರೈತರು ಇಲ್ಲಿ ಬಂದು ಕೂರುತ್ತಾರೆ. ಶಾಲೆಯ ಮಕ್ಕಳನ್ನು ಗೋಪುರ ನೋಡಲು ಕರೆತರುವ ಮೇಷ್ಟ್ರುಗಳು ಸ್ನೇಹಲತಾ ಅವರ ಡೈರಿಯ ಪುಟವೊಂದನ್ನೂ ಓದಿ ಹೇಳಲಿ. ಗೋಪುರದ ಎತ್ತರ ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ. ಅದರ ಕೆಳಗೆ ಬದುಕಿದವರ ಕಷ್ಟವನ್ನು ನಾವೇ ಹೇಳಬೇಕು.