ಕರ್ನಾಟಕದಲ್ಲಿ ಶಿಶು ಸೇವೆಗಳ ಮೇಲೆ ಪಂಚಾಯಿತಿಗಳ ಮೇಲ್ವಿಚಾರಣೆ

ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ, ಶಿಶುಪಾಲನಾ ಕೇಂದ್ರ ಹಾಗೂ ಸರ್ಕಾರಿ ಶಾಲೆಗಳ ಪೂರ್ವ ಪ್ರಾಥಮಿಕ ತರಗತಿಗಳ ಮೂಲಕ ದೊರೆಯುವ ಆಹಾರ, ಆರೈಕೆ ಮತ್ತು ಕಲಿಕೆಯನ್ನು ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು ಪರಿಶೀಲಿಸುವ ವ್ಯವಸ್ಥೆಯನ್ನು ಶಿಶು ಸೇವೆಗಳ ಮೇಲಿನ ಪಂಚಾಯಿತಿ ಮೇಲ್ವಿಚಾರಣೆ ಎನ್ನಲಾಗುತ್ತದೆ. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಕೇಂದ್ರಗಳಿದ್ದು, ಅವುಗಳಲ್ಲಿ ಹೆಚ್ಚಿನವು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿವೆ. ಮೇಲ್ವಿಚಾರಣೆಯ ಹೊಣೆಯನ್ನು ಕಾನೂನು ಸ್ಥಳೀಯ ಸಂಸ್ಥೆಗಳಿಗೂ ವಹಿಸಿದೆಯಾದರೂ ನೇಮಕಾತಿ, ಅನುದಾನ ಮತ್ತು ಪಠ್ಯಕ್ರಮಗಳು ಇಲಾಖೆಗಳ ಅಧೀನದಲ್ಲಿಯೇ ಉಳಿದಿವೆ. ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆ ಅಂಗನವಾಡಿಯಲ್ಲಿ ನಡೆಯಬೇಕೇ ಅಥವಾ ಶಾಲೆಯಲ್ಲಿ ನಡೆಯಬೇಕೇ ಎಂಬ ಇತ್ತೀಚಿನ ಚರ್ಚೆಯಿಂದಾಗಿ ಈ ವಿಷಯ ಹೆಚ್ಚಿನ ಮಹತ್ವ ಪಡೆದಿದೆ.

ಹಿನ್ನೆಲೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕು. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದಲ್ಲಿ ಆಸ್ಪತ್ರೆಗೆ ಕಳುಹಿಸುವುದು ಹಾಗೂ ತಾಯಂದಿರಿಗೆ ಪೋಷಣೆ ಮತ್ತು ಆರೋಗ್ಯ ಶಿಕ್ಷಣ ನೀಡುವುದು ಈ ಯೋಜನೆಯ ಆರು ಸೇವೆಗಳಾಗಿವೆ. ಇದು ಕೇಂದ್ರ ಪ್ರಾಯೋಜಿತ ಯೋಜನೆಯಾದುದರಿಂದ ಆರಂಭದಿಂದಲೂ ಇದರ ಆಡಳಿತ ಮೇಲಿನಿಂದ ಕೆಳಕ್ಕೆ ಹರಿಯುವ ಇಲಾಖಾ ಸ್ವರೂಪದ್ದಾಗಿತ್ತು.

ಇದೇ ಅವಧಿಯಲ್ಲಿ ರಾಜ್ಯದಲ್ಲಿ ಅಧಿಕಾರ ವಿಕೇಂದ್ರೀಕರಣದ ಪ್ರಯತ್ನಗಳೂ ನಡೆದವು. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯನ್ವಯ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹಲವು ಇಲಾಖೆಗಳ ಜಿಲ್ಲಾ ಮಟ್ಟದ ಕಾರ್ಯಗಳು ಚುನಾಯಿತ ಸಂಸ್ಥೆಗಳ ಕಕ್ಷೆಗೆ ಬಂದವು. ಹೀಗೆ ಒಂದೇ ಊರಿನಲ್ಲಿ ಇಲಾಖೆಯ ಅಂಗನವಾಡಿಯೂ ಜನರಿಂದ ಆಯ್ಕೆಯಾದ ಪಂಚಾಯಿತಿಯೂ ಜೊತೆಯಲ್ಲಿ ಬೆಳೆದವು.

ಕಾನೂನಿನ ಚೌಕಟ್ಟು

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡಿದೆ. ಪ್ರಾಥಮಿಕ ಶಿಕ್ಷಣ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಅವುಗಳಲ್ಲಿ ಸೇರಿವೆ. ಇವನ್ನು ಪಂಚಾಯಿತಿಗಳಿಗೆ ಎಷ್ಟರಮಟ್ಟಿಗೆ ವಹಿಸಬೇಕೆಂಬುದನ್ನು ಆಯಾ ರಾಜ್ಯದ ವಿಧಾನಮಂಡಲಕ್ಕೆ ಬಿಡಲಾಗಿದೆ.

ಅದೇ ವರ್ಷ ಕರ್ನಾಟಕವು ರೂಪಿಸಿದ ಪಂಚಾಯತ್ ರಾಜ್ ಅಧಿನಿಯಮವು (ಈಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ) ಮಹಿಳಾ ಮತ್ತು ಮಕ್ಕಳ ಕಲ್ಯಾಣ ಕಾರ್ಯಕ್ರಮಗಳ ಅನುಷ್ಠಾನದಲ್ಲಿ ಭಾಗವಹಿಸುವುದು ಹಾಗೂ ಅಂಗನವಾಡಿಗಳನ್ನು ಪ್ರೋತ್ಸಾಹಿಸುವುದು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳೆಂದು ಹೇಳುತ್ತದೆ. ಭಾಗವಹಿಸುವಿಕೆ ಮತ್ತು ಪ್ರೋತ್ಸಾಹ ಎಂಬ ಪದಗಳು ಪಂಚಾಯಿತಿಗೆ ಪಾತ್ರವನ್ನು ನೀಡುತ್ತವೆಯೇ ಹೊರತು ಆಜ್ಞಾಪಿಸುವ ಅಧಿಕಾರವನ್ನು ನೀಡುವುದಿಲ್ಲ.

ಇತರ ಕಾನೂನುಗಳಿಂದಲೂ ಸ್ಥಳೀಯ ಸಂಸ್ಥೆಗಳಿಗೆ ಕರ್ತವ್ಯಗಳು ಒದಗಿವೆ:

• ಸಂವಿಧಾನದ 45ನೆಯ ವಿಧಿ: 2002ರ 86ನೆಯ ತಿದ್ದುಪಡಿಯ ಬಳಿಕ, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೆ ಆರೈಕೆ ಮತ್ತು ಶಿಕ್ಷಣ ಒದಗಿಸಲು ಪ್ರಭುತ್ವವು ಶ್ರಮಿಸಬೇಕೆಂದು ಇದು ನಿರ್ದೇಶಿಸುತ್ತದೆ. ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವು ಮೂಲಭೂತ ಹಕ್ಕಾಗಿದ್ದರೆ, ಆರು ವರ್ಷದೊಳಗಿನವರ ಶಿಕ್ಷಣವು ನಿರ್ದೇಶಕ ತತ್ತ್ವವಾಗಿಯೇ ಉಳಿದಿದೆ.
• ಶಿಕ್ಷಣ ಹಕ್ಕು ಕಾಯ್ದೆ, 2009: ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಸ್ಥಳೀಯ ಪ್ರಾಧಿಕಾರವು ಇಡಬೇಕೆಂದು 9ನೆಯ ಪ್ರಕರಣ ವಿಧಿಸುತ್ತದೆ. ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಸರ್ಕಾರವು ಉಚಿತ ಶಾಲಾಪೂರ್ವ ಶಿಕ್ಷಣ ಏರ್ಪಡಿಸಬಹುದೆಂದು 11ನೆಯ ಪ್ರಕರಣ ಹೇಳುತ್ತದೆ, ಇದು ಕಡ್ಡಾಯವಲ್ಲ.
• ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013: ಮೂರರಿಂದ ಆರು ವರ್ಷದ ಮಗುವಿಗೆ ಸ್ಥಳೀಯ ಅಂಗನವಾಡಿಯ ಮೂಲಕ ನಿಗದಿತ ಪೋಷಣಾ ಮಾನದಂಡಗಳಿಗೆ ಅನುಗುಣವಾದ ಆಹಾರ ದೊರೆಯುವುದು ಹಕ್ಕಾಗಿದೆ. ಕಲ್ಯಾಣ ಯೋಜನೆಗಳ ಸಾಮಾಜಿಕ ಪರಿಶೋಧನೆಯನ್ನು ನಿಯತವಾಗಿ ನಡೆಸುವ ಹೊಣೆಯನ್ನು 28ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ ಅಥವಾ ಸರ್ಕಾರ ಸೂಚಿಸುವ ಸಂಸ್ಥೆಗೆ ನೀಡಿದೆ.

ಆಡಳಿತ ರಚನೆ

ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರ ಕೆಲಸವನ್ನು ಇಲಾಖೆಯ ವತಿಯಿಂದ ಮೇಲ್ವಿಚಾರಕಿಯರು ನೋಡಿಕೊಳ್ಳುತ್ತಾರೆ. ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೂ (ಸಿಡಿಪಿಒ) ಜಿಲ್ಲೆಯಲ್ಲಿ ಉಪನಿರ್ದೇಶಕರೂ ಇರುತ್ತಾರೆ. ಕಾರ್ಯಕರ್ತೆಯರಿಗೆ ಸಂಬಳದ ಬದಲು ಗೌರವಧನ ನೀಡಲಾಗುತ್ತದೆ. ಅವರು ಉಪದಾನ (ಗ್ರಾಚ್ಯುಟಿ) ಪಡೆಯಲು ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು.

ಇದಕ್ಕೆ ಸಮಾನಾಂತರವಾಗಿ ಪಂಚಾಯಿತಿಯ ಸಾಲು ಇದೆ. ಗ್ರಾಮ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದವರ ಹಿತದೊಂದಿಗೆ ಮಹಿಳೆಯರು ಹಾಗೂ ಮಕ್ಕಳ ಹಿತವನ್ನೂ ಕಾಯಬೇಕು; ಈ ಸಮಿತಿಯಲ್ಲಿ ಕನಿಷ್ಠ ಒಬ್ಬ ಮಹಿಳಾ ಸದಸ್ಯರಿರುವುದು ಕಡ್ಡಾಯ. ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇರುತ್ತದೆ. ಕೇಂದ್ರದ ಮಟ್ಟದಲ್ಲಿ ತಾಯಂದಿರು ಮತ್ತು ಸ್ಥಳೀಯರನ್ನೊಳಗೊಂಡ ಬಾಲವಿಕಾಸ ಸಮಿತಿ ಕೆಲಸ ಮಾಡುತ್ತದೆ.

ಮೇಲ್ವಿಚಾರಣೆಯ ವಿಧಾನಗಳು

ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕಾದ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು ಈ ವ್ಯವಸ್ಥೆಯ ಮೊದಲ ಮೆಟ್ಟಿಲು. ಅಂಗನವಾಡಿಯ ಕಟ್ಟಡ, ಕುಡಿಯುವ ನೀರು, ಶೌಚಾಲಯ, ಆಹಾರ ಸಾಮಗ್ರಿಯ ಪೂರೈಕೆ ಮತ್ತು ಹಾಜರಾತಿಯನ್ನು ಕುರಿತು ಯಾವ ಮತದಾರರಾದರೂ ಇಲ್ಲಿ ಪ್ರಶ್ನಿಸಬಹುದು. ಇವಲ್ಲದೆ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆಗಳನ್ನು ನಡೆಸುವ ಪದ್ಧತಿಯೂ ಇದೆ. ಅಲ್ಲಿ ಶಾಲಾ ಮಕ್ಕಳು ತಮ್ಮ ಹಾಗೂ ತಮ್ಮ ಕಿರಿಯರ ಅಗತ್ಯಗಳನ್ನು ಪಂಚಾಯಿತಿಯ ಮುಂದಿಡುತ್ತಾರೆ.

ಪಂಚಾಯಿತಿಯ ಪಾತ್ರವು ಕಟ್ಟಡ ಮತ್ತು ಮೂಲಸೌಕರ್ಯಗಳ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿದೆ. ನಿವೇಶನ ಗುರುತಿಸುವುದು, ನೀರಿನ ಸಂಪರ್ಕ ಕೊಡುವುದು, ಉದ್ಯೋಗ ಖಾತರಿ ಯೋಜನೆಯ ಒಗ್ಗೂಡಿಸುವಿಕೆಯಿಂದ ಅಂಗನವಾಡಿ ಕಟ್ಟಡ ನಿರ್ಮಿಸುವುದು ಅದರ ಕೈಯಲ್ಲಿವೆ. ಆದರೆ ಮೊಟ್ಟೆ ಅಥವಾ ಬೇಳೆಯ ಪೂರೈಕೆ ನಿಂತಾಗ ಪಂಚಾಯಿತಿಯು ನಿರ್ಣಯ ಅಂಗೀಕರಿಸಿ ಯೋಜನಾಧಿಕಾರಿಗೆ ಕಳುಹಿಸಬಹುದೇ ಹೊರತು ತಾನೇ ಖರೀದಿಸುವ ವ್ಯವಸ್ಥೆ ಇಲ್ಲ. 2021ರಿಂದ ಬಳಕೆಗೆ ಬಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಮಕ್ಕಳ ತೂಕ, ಎತ್ತರ ಮತ್ತು ಹಾಜರಾತಿ ದಾಖಲಾಗುತ್ತವೆ. ಈ ಮಾಹಿತಿಯೂ ಮುಖ್ಯವಾಗಿ ಇಲಾಖೆಯ ಶ್ರೇಣಿಯಲ್ಲಿಯೇ ಮೇಲಕ್ಕೆ ಸಾಗುತ್ತದೆ.

ಪಂಚಾಯಿತಿಯೇ ನೇರವಾಗಿ ನಡೆಸುವ ಸೇವೆಗೆ ಉದಾಹರಣೆ ‘ಕೂಸಿನ ಮನೆ’. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಈ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ಯೋಜನೆಯನ್ನು 2023-24ರಲ್ಲಿ ಕೈಗೊಳ್ಳಲಾಯಿತು.

ನೀತಿಯ ಬದಲಾವಣೆಗಳು

ರಾಷ್ಟ್ರೀಯ ಶಿಕ್ಷಣ ನೀತಿ 2020, ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಪರಿಗಣಿಸಿ, ಅಂಗನವಾಡಿಯ ಮೂರು ವರ್ಷಗಳನ್ನು ಒಂದು ಮತ್ತು ಎರಡನೆಯ ತರಗತಿಗಳೊಂದಿಗೆ ಜೋಡಿಸಿತು. 2023ರಲ್ಲಿ ಕರ್ನಾಟಕ ಸರ್ಕಾರವು ಈ ನೀತಿಯಿಂದ ಹಿಂದೆ ಸರಿದು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ನೇಮಿಸಿತು. ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು.

ಇದರ ನಡುವೆ, ಕರ್ನಾಟಕ ಪಬ್ಲಿಕ್ ಶಾಲೆಗಳೂ ಸೇರಿದಂತೆ ಹಲವು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಮತ್ತು ಯುಕೆಜಿ ತರಗತಿಗಳು ಆರಂಭವಾದವು. ಇದರಿಂದ ಅಂಗನವಾಡಿಗಳು ಬರಿದಾಗುತ್ತವೆ ಎಂದು ಆಕ್ಷೇಪಿಸಿ 2024ರಲ್ಲಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಅದೇ ವರ್ಷದ ಜುಲೈನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಮೊದಲ ಹಂತದಲ್ಲಿ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರಿನಲ್ಲಿ ಮೇಲ್ದರ್ಜೆಗೇರಿಸಿತು.

ಒಂದನೆಯ ತರಗತಿಯ ಪ್ರವೇಶಕ್ಕೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಆದೇಶವು 2022ರಲ್ಲಿ ಹೊರಬಿದ್ದು, ಅದರ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಪೋಷಕರ ಮನವಿಯ ಮೇರೆಗೆ ಆ ಒಂದು ವರ್ಷಕ್ಕೆ ವಯೋಮಿತಿಯನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಉದಾಹರಣೆಗೆ, 2019ರ ಆಗಸ್ಟ್‌ನಲ್ಲಿ ಹುಟ್ಟಿದ ಮಗು ಮೂಲ ಆದೇಶದಂತೆ 2025ರಲ್ಲಿ ಒಂದನೆಯ ತರಗತಿಗೆ ಸೇರುವಂತಿರಲಿಲ್ಲ. ಇಂತಹ ಮಗು ಇನ್ನೊಂದು ವರ್ಷವನ್ನು ಎಲ್ಲಿ ಕಳೆಯುತ್ತದೆ ಎಂಬುದು ಊರಿನ ಅಂಗನವಾಡಿಯ ಸ್ಥಿತಿಯನ್ನು ಅವಲಂಬಿಸಿದೆ.

ಮೇಲ್ವಿಚಾರಣೆಯ ಮೇಲೆ ಪರಿಣಾಮ

ಮಗು ಅಂಗನವಾಡಿಯಿಂದ ಶಾಲೆಯ ಎಲ್‌ಕೆಜಿಗೆ ಹೋದಾಗ ಅದರ ಹೊಣೆಗಾರರೂ ಬದಲಾಗುತ್ತಾರೆ. ಅಂಗನವಾಡಿಯಲ್ಲಿ ಬಾಲವಿಕಾಸ ಸಮಿತಿ ಮತ್ತು ಯೋಜನಾಧಿಕಾರಿ ಇದ್ದರೆ, ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿ ಇರುತ್ತಾರೆ. ಆಹಾರ ಭದ್ರತಾ ಕಾಯ್ದೆಯು ಈ ವಯಸ್ಸಿನ ಮಗುವಿನ ಊಟವನ್ನು ಅಂಗನವಾಡಿಗೆ ಜೋಡಿಸಿದೆ. ಶಾಲೆಯ ಪೂರ್ವ ಪ್ರಾಥಮಿಕ ತರಗತಿಗಳನ್ನು 2021ರಲ್ಲಿ ಪಿಎಂ ಪೋಷಣ್ ಯೋಜನೆಯಡಿ ಸೇರಿಸಲಾಯಿತು. ತೂಕ ನೋಡುವುದು, ಅಪೌಷ್ಟಿಕತೆ ಗುರುತಿಸುವುದು ಮತ್ತು ಚುಚ್ಚುಮದ್ದಿನ ನಿಗಾ ಅಂಗನವಾಡಿಯ ದೈನಂದಿನ ಕೆಲಸಗಳಾಗಿದ್ದು, ಶಾಲೆಗೆ ಸೇರಿದ ಮಗುವಿಗೂ ಇವು ತಪ್ಪದಂತೆ ಎರಡು ಇಲಾಖೆಗಳ ನಡುವೆ ಹೊಂದಾಣಿಕೆ ಬೇಕಾಗುತ್ತದೆ. ಒಂದೇ ಊರಿನಲ್ಲಿ ಈ ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ನೋಡಬಲ್ಲ ಚುನಾಯಿತ ಸಂಸ್ಥೆ ಗ್ರಾಮ ಪಂಚಾಯಿತಿಯೇ ಆಗಿದೆ. ಶಿಕ್ಷಣ ಹಕ್ಕು ಕಾಯ್ದೆಯು ಇಡಲು ಹೇಳಿರುವ ಮಕ್ಕಳ ದಾಖಲೆಯು ಈ ಕಾರಣಕ್ಕೆ ಮುಖ್ಯವಾದುದು: ಯಾವ ಮಗು ಎಲ್ಲಿಯೂ ಸೇರಿಲ್ಲ ಎಂಬುದು ಅದರಿಂದಲೇ ತಿಳಿಯಬೇಕು.

ನಗರ ಪ್ರದೇಶಗಳು

ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಪ್ರತ್ಯೇಕವಾಗಿ ಸೇರಿಲ್ಲ. ಆದುದರಿಂದ ಪಟ್ಟಣಗಳ ಅಂಗನವಾಡಿಗಳ ಮೇಲೆ ವಾರ್ಡ್ ಸದಸ್ಯರ ಪಾತ್ರವು ಹಳ್ಳಿಗಳಿಗಿಂತಲೂ ಅಸ್ಪಷ್ಟವಾಗಿದೆ.

ಸವಾಲುಗಳು

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ನಡೆದ ಚುನಾವಣೆಯಿಂದ ಬಂದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ವಿವಾದಗಳಿಂದ ಹಲವು ವರ್ಷ ಚುನಾವಣೆ ನಡೆಯದೆ, ಆಡಳಿತಾಧಿಕಾರಿಗಳೇ ಕಾರ್ಯ ನಿರ್ವಹಿಸಿದರು. ಪೂರ್ವ ಪ್ರಾಥಮಿಕ ಶಿಕ್ಷಣದ ನೀತಿ ವೇಗವಾಗಿ ಬದಲಾದ ಇದೇ ಅವಧಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಗಳಲ್ಲಿ ಚುನಾಯಿತ ಸದಸ್ಯರಿರಲಿಲ್ಲ. ಹೀಗಾಗಿ ಗ್ರಾಮ ಪಂಚಾಯಿತಿಯ ನಿರ್ಣಯವನ್ನು ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಕೈಗೆತ್ತಿಕೊಳ್ಳಬೇಕಾದ ಜನಪ್ರತಿನಿಧಿಗಳ ಕೊಂಡಿ ಕಳಚಿತು.

ರಾಜ್ಯದ ಪಂಚಾಯಿತಿಗಳಲ್ಲಿ ಶೇ. 50ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಅನುದಾನ ಮತ್ತು ಸಿಬ್ಬಂದಿಯ ಮೇಲೆ ಅಧಿಕಾರವಿಲ್ಲದಿರುವಾಗ ಸದಸ್ಯರ ಪರಿಶೀಲನೆಯು ವರದಿ ಕೇಳುವುದಕ್ಕಷ್ಟೇ ಸೀಮಿತಗೊಳ್ಳುವ ಸಂಭವವಿರುತ್ತದೆ.