ಕಾರೆಬೇಲಿಯ ಒಳಗೆ, ಹೊರಗೆ

ಹಿರಿಯೂರಿನಿಂದ ಹೊಸದುರ್ಗಕ್ಕೋ, ಚಿತ್ರದುರ್ಗದಿಂದ ಹೊಳಲ್ಕೆರೆಗೋ ಬಸ್ಸಿನಲ್ಲಿ ಹೋಗುವಾಗ 'ಗೊಲ್ಲರಹಟ್ಟಿ' ಎಂಬ ಹಲಗೆಯನ್ನು ನೀವು ನೋಡಿರಬಹುದು. ಊರಿನಿಂದ ಅಷ್ಟು ದೂರದಲ್ಲಿ ಇರುವ ಆ ಹಟ್ಟಿಗಳ ನಿವಾಸಿಗಳು ಕಾಡುಗೊಲ್ಲರು. ಕುರಿ, ಆಡು, ದನಗಳೊಂದಿಗೆ ಬಾಳಿದ ಜನ. ಮಂದೆಯ ಹಿಂದೆ ದಿನವಿಡೀ ನಡೆಯುವವನಿಗೆ ಗಿಡಮರಗಳ ಪರಿಚಯ ಆಗಲೇಬೇಕಷ್ಟೆ. ಆ ಪರಿಚಯ ಎಷ್ಟು ಆಳವಾಗಿತ್ತು, ಈಗ ಅದಕ್ಕೆ ಏನಾಗುತ್ತಿದೆ ಎಂಬುದನ್ನು ಕೊಂಚ ನೋಡೋಣ.

ಮೊದಲು ಬೇಲಿಯನ್ನೇ ತೆಗೆದುಕೊಳ್ಳಿ. ಹಳೆಯ ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ ಇರುತ್ತಿತ್ತು. ತೋಳ, ಚಿರತೆ ನುಗ್ಗದಂತೆ ಕುರಿರೊಪ್ಪಕ್ಕೂ ಅದೇ ಕಾವಲು. ಒಣಗಿದಷ್ಟೂ ಮುಳ್ಳು ಗಡುಸಾಗುತ್ತದೆ. ಹಳೆಯದರ ಮೇಲೆ ಹೊಸದನ್ನು ಹೇರುತ್ತ ಹೋದರಾಯಿತು, ಕಾಸಿನ ಖರ್ಚಿಲ್ಲ. ಇಷ್ಟು ಉಪಯೋಗದ ಗಿಡ ದೇವರ ಹತ್ತಿರಕ್ಕೂ ಹೋದದ್ದು ಆಶ್ಚರ್ಯವಲ್ಲ. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯ ಬಳಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ದೇವರಿಗೆ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಬರಿಗಾಲಿನ ಯುವಕರು ಆ ಮುಳ್ಳನ್ನೇ ಏರಿ ಮೇಲಿನ ಕಳಶವನ್ನು ತರುತ್ತಾರೆ. ನೋಡುವ ನಮಗೆ ಮೈ ಜುಮ್ಮೆನ್ನುತ್ತದೆ. ಅವರಿಗೆ ಅದು ದಿನವೂ ಒಡನಾಡಿದ ಮುಳ್ಳು.

'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಆದರೆ 'ಆಡುಮುಟ್ಟದ ಬಳ್ಳಿ' ಎಂದೇ ಹೆಸರಾದ ಒಂದು ಬಳ್ಳಿ ಉಂಟು! ಅದನ್ನು ಉಬ್ಬಸಕ್ಕೆ ಬಳಸುವುದು ನಾಡವೈದ್ಯದಲ್ಲಿ ಹಳೆಯ ಮಾತು. ಇಂಥ ಹೆಸರನ್ನು ಇಟ್ಟವರು ಕೋಣೆಯಲ್ಲಿ ಕುಳಿತ ಪಂಡಿತರಾಗಿರಲಾರರು. ಆಡು ಯಾವುದಕ್ಕೆ ಬಾಯಿ ಹಾಕಿತು, ಯಾವುದನ್ನು ಮೂಸಿ ಬಿಟ್ಟಿತು ಎಂದು ಬಿಸಿಲಿನಲ್ಲಿ ನಿಂತು ಕಂಡವರೇ ಇರಬೇಕು.

ಈ ಕುರುಚಲು ಕಾಡು ಮೇಲುನೋಟಕ್ಕೆ ಬರಡು. ಒಳಹೊಕ್ಕರೆ ಉಗ್ರಾಣ. ತುಗ್ಗಲಿಯ ಎಲೆ ಆಡುಗಳಿಗೆ ಮೇವು. ಅದನ್ನೇ ಒಣಗಿಸಿ ಪುಡಿ ಮಾಡಿದರೆ ಹೆಂಗಸರ ತಲೆಗೂದಲಿಗೆ ಸೀಗೆಯಂತೆ ಒದಗುತ್ತದೆ. ಬಂದರೆ ಸೊಪ್ಪನ್ನು ಬಿಸಿ ಮಾಡಿ ಉಳುಕಿದ ಕಾಲಿಗೆ ಕಟ್ಟುವರು. ಅದು ಮನುಷ್ಯನ ಕಾಲೇ ಆಗಬೇಕೆಂದಿಲ್ಲ, ಕುರಿಯದಾದರೂ ಸರಿ. ಹೊಂಗೆಯೆಣ್ಣೆ ಕಜ್ಜಿಗೆ, ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರು ಮೈಕೈ ನೋವಿಗೆ. ಆವರಿಕೆಯ ತೊಗಟೆಯಿಂದ ಚರ್ಮ ಹದವಾಗುತ್ತದೆ. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು ಸಾರಿಗೆ ಸಿಗುತ್ತದೆ. ಕಾರೆ, ಬೋರೆ, ಕವಳೆ ಹಣ್ಣುಗಳು ಮಕ್ಕಳ ಪಾಲು. ಸಂಗೀತವೂ ಈ ಉಗ್ರಾಣದಿಂದಲೇ. ಜುಂಜಪ್ಪನ ಕಾವ್ಯವನ್ನು ಹಾಡುವವರು ಹಿಡಿಯುವ 'ಗಣೆ' ಎಂಬುದು ಉದ್ದನೆಯ ಬಿದಿರಿನ ಕೊಳಲು. ಅದರ ನಾದ ಕೇಳಿದವರು ಬೇಗ ಮರೆಯಲಾರರು.

ಆದರೆ ಮಂದೆ ಇದ್ದರಲ್ಲವೆ ಈ ವಿದ್ಯೆ? ಹಿರಿಯೂರಿನ ಬಳಿ ವೇದಾವತಿಗೆ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟು ಒಂದಷ್ಟು ಬಯಲನ್ನು ತೋಟಗದ್ದೆ ಮಾಡಿತು. ಮುಂದೆ ಕೊಳವೆಬಾವಿ ಬಂದು ಹೊಳಲ್ಕೆರೆ, ಹೊಸದುರ್ಗಗಳ ಕಡೆ ಅಡಕೆ ಹಬ್ಬಿತು. ಜೋಗಿಮಟ್ಟಿಯ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. 2015ರಲ್ಲಿ ಅಲ್ಲಿಯ ಕಾಡು ವನ್ಯಧಾಮವಾಯಿತು. ಒಂದೊಂದಕ್ಕೂ ತಕ್ಕ ಕಾರಣ ಉಂಟು, ಇಲ್ಲವೆನ್ನಲಾರೆ. ಆದರೂ ಇವೆಲ್ಲ ಸೇರಿದಾಗ ಮೇಯುವ ನೆಲ ಕಿರಿದಾಗುವುದಂತೂ ದಿಟ. ಉಳಿದ ಬಂಜರು, ಕೆರೆಯಂಗಳಗಳಿಗೆ ಬಳ್ಳಾರಿ ಜಾಲಿ ನುಗ್ಗಿದೆ. ಆಡುಗಳು ಅದರ ಕಾಯಿ ತಿಂದು, ಹಿಕ್ಕೆಯೊಡನೆ ಬೀಜವನ್ನು ತಾವೇ ಬಿತ್ತುತ್ತವೆ. ಅದರ ದಟ್ಟಣೆಯಲ್ಲಿ ಬೇರೆ ಗಿಡ ತಲೆಯೆತ್ತುವುದು ಕಷ್ಟ.

ಈ ಜಾಲಿ ನಮ್ಮದಲ್ಲ, ಅಮೆರಿಕ ಖಂಡದ್ದು. ಕ್ಯಾಲಿಫೋರ್ನಿಯದ ದಕ್ಷಿಣದಲ್ಲಿಯೂ ಮೆಕ್ಸಿಕೋದ ಅಂಚಿನಲ್ಲಿಯೂ ಇರುವ ಕುಮೆಯಾಯ್ ಎಂಬ ಮೂಲನಿವಾಸಿಗಳು ಇದರ ಹತ್ತಿರದ ಬಂಧುವಾದ ಗಿಡದ ಕಾಯನ್ನು ಬೀಸಿ ಹಿಟ್ಟು ಮಾಡಿ ತಿನ್ನುತ್ತಿದ್ದರು. ನಮ್ಮ ಬೇಲಿಯ ಕತ್ತಾಳೆಯೂ ಆ ಖಂಡದ್ದೇ. ಆ ಜಾತಿಯ ಗಿಡದ ಗೆಡ್ಡೆಯನ್ನು ಅವರು ನೆಲದ ಕುಳಿಯಲ್ಲಿ ಸುಟ್ಟು ಉಣ್ಣುತ್ತಿದ್ದರು, ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಅವರ ನೆಲದ ನಡುವೆ 1848ರಲ್ಲಿ ಎರಡು ದೇಶಗಳ ಗಡಿ ಬಿತ್ತು. ಈಗ ಅವರು ತಮ್ಮದೇ ಕಾಲೇಜಿನಲ್ಲಿ ಭಾಷೆಯ ಜೊತೆಗೆ ಗಿಡಗಳ ಬಳಕೆಯನ್ನೂ ಕಲಿಸುತ್ತಾರೆ. ಅಲ್ಲಿ ಅನ್ನವಾದ ಗಿಡದ ಬಂಧು ಇಲ್ಲಿ ಬರಿಯ ಇದ್ದಿಲಾಯಿತು. ಗಿಡ ಬಂದಿತು, ಅದನ್ನು ಬಲ್ಲವರು ಜೊತೆಗೆ ಬರಲಿಲ್ಲ.

ನಮ್ಮಲ್ಲಿ ಬಲ್ಲವರಿಲ್ಲವೆಂದಲ್ಲ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಹಾಡನ್ನು ಬರೆದುಕೊಳ್ಳಲು ಜನ ಬಂದರು. ಸೊಪ್ಪಿನ ಹೆಸರುಗಳನ್ನೂ ಅಷ್ಟೇ ಶ್ರದ್ಧೆಯಿಂದ ಹಿರಿಯರ ಬಾಯಿಂದ ಬರೆದುಕೊಳ್ಳಬೇಕಾಗಿದೆ. ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಕುರಿಯ ಹಿಂದೆ ಕಲಿಯುತ್ತಿದ್ದುದನ್ನು ಅಲ್ಲಿ ಹೇಳಿಕೊಡುವವರು ಯಾರು?

ಹಳೆಯದೆಲ್ಲ ಉಳಿಯಬೇಕೆಂದು ನನ್ನ ವಾದವಲ್ಲ. ಹಟ್ಟಿಯ ಹೊರಗೆ ಸೊಪ್ಪುಸದೆಯ ಗುಡಿಸಲು ಹಾಕಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಇರಿಸುವ ವಾಡಿಕೆ ಉಂಟಷ್ಟೆ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಮಳೆ ಚಳಿಗೆ ಸಿಕ್ಕಿದ ಹಸುಗೂಸು ತೀರಿಕೊಂಡಿತು. ಆ ಗುಡಿಸಲು ಹೋಗಲಿ. ಅದನ್ನು ಬಿಡಬೇಕೆಂದು ಹಟ್ಟಿಯೊಳಗಿನ ಓದಿದ ಹೆಣ್ಣುಮಕ್ಕಳೇ ಹೇಳತೊಡಗಿದ್ದಾರೆ. ಲಕ್ಕಿಸೊಪ್ಪಿನ ಬಿಸಿನೀರಿಗೆ ಆ ಗುಡಿಸಲೇ ಬೇಕೆಂದೇನೂ ಇಲ್ಲ. ಆಸ್ಪತ್ರೆಯಲ್ಲಿ ಹೆತ್ತು ಬಂದ ಮಗಳಿಗೆ ತಾಯಿ ಬೆಚ್ಚನೆಯ ಬಚ್ಚಲಮನೆಯಲ್ಲಿಯೇ ಅದನ್ನು ಎರೆಯಬಹುದು.