ರಾಷ್ಟ್ರಗಳ ಜಗಳ, ಹಡಗಿನ ದಾರಿ

ದೇಶದೇಶಗಳ ನಡುವೆ ಸಾಗುವ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಸಮುದ್ರದ ಮೇಲೆಯೇ ಹೋಗುತ್ತದೆ. ರಾಷ್ಟ್ರಗಳು ಒಂದರ ಮೇಲೊಂದು ಮುನಿದು ಸುಂಕ ಏರಿಸಿದಾಗ ಈ ಹಡಗುಗಳ ಗತಿ ಏನಾಗುತ್ತದೆ? ಒಂದು ಉದಾಹರಣೆಯಿಂದ ತಿಳಿಯೋಣ.

2018ರಲ್ಲಿ ಅಮೆರಿಕವು ಚೀನದ ಅನೇಕ ವಸ್ತುಗಳ ಮೇಲೆ ಆಮದು ಸುಂಕ ಹೆಚ್ಚಿಸಿತು. ಅದಕ್ಕೆ ಪ್ರತಿಯಾಗಿ ಚೀನವು ಜುಲೈ 6ರಿಂದ ಅಮೆರಿಕದ ಸೋಯಾಬೀನ್ ಮೇಲೆ ಶೇಕಡಾ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ಆಗ 'ಪೀಕ್ ಪೆಗಾಸಸ್' ಎಂಬ ಹಡಗು ಸುಮಾರು 70,000 ಟನ್ ಅಮೆರಿಕದ ಸೋಯಾಬೀನ್ ಹೊತ್ತು ಚೀನದ ಡಾಲಿಯನ್ ಬಂದರಿಗೆ ಧಾವಿಸುತ್ತಿತ್ತು. ಅದು ತಲುಪುವ ಕೆಲವೇ ಗಂಟೆಗಳ ಮುಂಚೆ ಸುಂಕ ಜಾರಿಯಾಯಿತು. ಸುಂಕ ತೆತ್ತು ಸರಕು ಇಳಿಸಿದರೂ ನಷ್ಟ, ಹಿಂದಿರುಗಿದರೂ ನಷ್ಟ. ಒಂದು ತಿಂಗಳಿಗೂ ಹೆಚ್ಚು ಕಾಲ ಹಡಗು ಕಡಲಲ್ಲೇ ಉಳಿಯಿತು. ನಿಂತ ಹಡಗಿಗೂ ದಿನದ ಬಾಡಿಗೆ ತಪ್ಪದು.

ಆದರೆ ಚೀನದ ಹಂದಿ, ಕೋಳಿಗಳಿಗೆ ಸೋಯಾ ಹಿಂಡಿ ಬೇಕೇ ಬೇಕು. ಆದ್ದರಿಂದ ಚೀನವು ಬ್ರೆಜಿಲ್‌ನಿಂದ ಹೆಚ್ಚು ಕೊಂಡಿತು. ಅಮೆರಿಕದ ಪಶ್ಚಿಮ ಕರಾವಳಿಗೆ ಹೋಲಿಸಿದರೆ ಬ್ರೆಜಿಲ್ ಚೀನಕ್ಕೆ ಸುಮಾರು ಎರಡರಷ್ಟು ದೂರ. ಹಡಗಿನ ಬೇಡಿಕೆಯನ್ನು ಟನ್ನುಗಳನ್ನು ಮೈಲಿಗಳಿಂದ ಗುಣಿಸಿ ಅಳೆಯುತ್ತಾರೆ. ಹತ್ತು ಚೀಲಗಳನ್ನು ಹತ್ತು ಮೈಲಿಯ ಬದಲು ಇಪ್ಪತ್ತು ಮೈಲಿ ಒಯ್ದರೆ ಚೀಲಗಳು ಅಷ್ಟೇ. ಗಾಡಿಯ ಕೆಲಸ ಮಾತ್ರ ಇಮ್ಮಡಿ. ಹೀಗೆ ಜಗಳದಿಂದ ಹಡಗಿಗೆ ಕೆಲಸ ಹೆಚ್ಚುವುದೂ ಉಂಟು. ಬೆಲೆ ಏರಿ ಜನ ಕೊಳ್ಳುವುದನ್ನೇ ಬಿಟ್ಟರೆ ಮಾತ್ರ ಸರಕು ಕುಗ್ಗಿ, ಹಡಗುಗಳು ಬರಿದಾಗಿ ನಿಲ್ಲುತ್ತವೆ.

ಹಡಗು ದಾರಿ ಬದಲಿಸಬಲ್ಲದು. ರೈತ ಹೊಲ ಬದಲಿಸಲಾರ. 2017ರಲ್ಲಿ ಚೀನಕ್ಕೆ 3 ಕೋಟಿ ಟನ್ನಿಗೂ ಹೆಚ್ಚು ಸೋಯಾಬೀನ್ ಮಾರಿದ್ದ ಅಮೆರಿಕದ ಮಾರಾಟ 2018ರಲ್ಲಿ 1 ಕೋಟಿ ಟನ್ನಿಗಿಂತ ಕೆಳಗಿಳಿಯಿತು. ಬೆಲೆ ಕುಸಿಯಿತು. ರೈತರ ನೆರವಿಗೆ ಅಲ್ಲಿಯ ಸರಕಾರ 1,200 ಕೋಟಿ ಡಾಲರ್‌ವರೆಗಿನ ಯೋಜನೆಯನ್ನು ಸಾರಬೇಕಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಇದು ದೂರದ ಮಾತಲ್ಲ. ನಮ್ಮ ಸೊಲ್ಲಾಪುರಕ್ಕೆ ಸಮುದ್ರವಿಲ್ಲ; ಆದರೂ ಇಲ್ಲಿಯ ಮಗ್ಗಗಳ ಟವೆಲ್ಲುಗಳು ಹಡಗೇರಿ ಪರದೇಶಗಳಿಗೆ ಹೋಗುತ್ತವೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಅನೇಕ ವಸ್ತುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಬಟ್ಟೆಬರೆಗಳೂ ಅದರಲ್ಲಿ ಸೇರಿದ್ದವು. ಹೊರಗಿನ ಬೇಡಿಕೆ ಕುಗ್ಗಿದರೆ ಮೊದಲು ಕೆಲಸ ಕಡಿಮೆಯಾಗುವುದು ಮಗ್ಗದ ಮುಂದೆ ನಿಂತವರಿಗೆ. ಆದುದರಿಂದ ವಿದ್ಯಾರ್ಥಿ ಮಿತ್ರರೇ, ಪತ್ರಿಕೆಯಲ್ಲಿ ಸುಂಕದ ಸುದ್ದಿ ಕಂಡಾಗ ಪುಟ ತಿರುವಿ ಬಿಡದೆ, ಸರಕು ಇನ್ನು ಎಲ್ಲಿಂದ ಬರುತ್ತದೆ, ಎಷ್ಟು ದೂರ ಸಾಗುತ್ತದೆ, ಯಾರ ಮನೆಯ ಗಳಿಕೆ ನಿಲ್ಲುತ್ತದೆ ಎಂದು ಕೇಳಿಕೊಳ್ಳೋಣ.